ಇರುಳ ಕಾವಲು, ರಕ್ತದ ಹೊತ್ತು

ವಯನಾಡಿನ ಕಾಡಂಚಿನ ಗದ್ದೆಬಯಲುಗಳಲ್ಲಿ, ಅದರಲ್ಲಿಯೂ ತಿರುನೆಲ್ಲಿ, ಪುಲ್ಪಳ್ಳಿ, ನೂಲ್ಪುಳದ ಸುತ್ತಿನಲ್ಲಿ, ಭತ್ತದ ತೆನೆ ಹಾಲುಗಟ್ಟುವ ಕಾರ್ತಿಕ ಮಾಸದಿಂದ ಮೊದಲ್ಗೊಂಡು ಕೊಯ್ಲು ಮುಗಿಯುವ ಪುಷ್ಯದವರೆಗೂ ಬೇಸಾಯಗಾರನಾದವನು ತನ್ನ ರಾತ್ರಿಯ ನಿದ್ರೆಯನ್ನು ಆನೆಗೆ ಒಪ್ಪಿಸಿಬಿಟ್ಟಿರುತ್ತಾನೆ. ಗದ್ದೆಯ ಬದಿಯ ಎತ್ತರವಾದ ಮರದ ಕವಲಿನಲ್ಲಿ ಬಿದಿರನ್ನು ಬಿಗಿದು, ಮೇಲೆ ಹುಲ್ಲು ಹೊದಿಸಿ ಕಟ್ಟಿದ ಅಟ್ಟಣೆಯಲ್ಲಿ, ಅಲ್ಲಿನವರು ಏರುಮಾಡಂ ಎಂದು ಕರೆಯುವ ಕಾವಲುಮನೆಯಲ್ಲಿ, ಅವನು ತಗಡಿನ ಡಬ್ಬವನ್ನೂ ಪಟಾಕಿಯನ್ನೂ ಟಾರ್ಚನ್ನೂ ಪಕ್ಕದಲ್ಲಿರಿಸಿಕೊಂಡು ಕುಳಿತು, ಬಿದಿರುಮೆಳೆಯೊಳಗೊಂದು ಗಳ ಮುರಿದ ಸದ್ದಿಗೂ ಕಿವಿ ನಿಮಿರಿಸುತ್ತ, ಬೆಳಗಿನ ಜಾವವನ್ನು ಹೇಗೋ ಕಳೆದು, ಮಂಜು ಸರಿಯುವ ವೇಳೆಗೆ ಇಳಿದು ಮನೆಗೆ ಬರುತ್ತಾನೆ. ಬಂದವನಿಗೆ ಮೈಯೆಲ್ಲ ಸೋತಿರುತ್ತದೆ, ಕಣ್ಣು ಉರಿಯುತ್ತಿರುತ್ತದೆ. ಆದರೂ ಚಾಪೆಯ ಮೇಲೆ ಒರಗಿದರೆ ಎರಡು ಮೂರು ಗಂಟೆಯೊಳಗಾಗಿ ಎಚ್ಚರವಾಗಿಬಿಡುತ್ತದೆ, ಮತ್ತೆ ನಿದ್ರೆ ಹತ್ತುವುದಿಲ್ಲ. ಹಗಲ ಬೆಳಕಿನದು, ಕೋಳಿ ಮಕ್ಕಳ ಗದ್ದಲದ್ದು ತಪ್ಪೆಂದು ಮನೆಯವರು ಕಿಟಕಿ ಮುಚ್ಚಿ ಸದ್ದಡಗಿಸಬಹುದು. ಅದರಿಂದ ತುಸು ಅನುಕೂಲವಾಗುವುದೂ ಉಂಟು. ಆದರೆ ಕತ್ತಲೆಯನ್ನೂ ಮೌನವನ್ನೂ ಎಷ್ಟೇ ಒದಗಿಸಿಕೊಟ್ಟರೂ, ಅವನನ್ನು ಎಬ್ಬಿಸತಕ್ಕ ವಸ್ತು ಅವನ ರಕ್ತದಲ್ಲಿಯೇ ಹರಿಯುತ್ತಿರುವಾಗ ಕಿಟಕಿ ಮುಚ್ಚಿ ಮಾಡುವುದೇನು?

ಕನ್ನಡ ಓದುಗರಿಗೆ ವಯನಾಡು ದೂರದ ನಾಡೇನೂ ಅಲ್ಲ. ಪನಮರಂ ಮತ್ತು ಮಾನಂದವಾಡಿಯ ಹೊಳೆಗಳೆರಡೂ ಕೂಡಿ ಅಲ್ಲಿ ರೂಪುಗೊಳ್ಳುವ ಕಬಿನಿಯು ಪೂರ್ವಾಭಿಮುಖವಾಗಿ ಹರಿದು, ನಮ್ಮ ಹೆಗ್ಗಡದೇವನಕೋಟೆಯ ಸೀಮೆಯನ್ನು ಹಾಯ್ದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿನ ಕಾಟ್ಟುನಾಯ್ಕರು ಮನೆಯಲ್ಲಿ ಆಡುವ ಮಾತು ಕನ್ನಡಕ್ಕೆ ತೀರ ಸಮೀಪದ್ದು. ಮುತ್ತಂಗದ ಕಾಡು ಮುಗಿಯುವ ಮುನ್ನವೇ ಬಂಡೀಪುರದ ಕಾಡು ತೊಡಗಿರುತ್ತದೆ, ಆನೆಗಂತೂ ನಡುವಣ ಗಡಿರೇಖೆಯ ಗೊಡವೆಯಿಲ್ಲ. ಆದುದರಿಂದ ಏರುಮಾಡದ ಕಾವಲಿನವನನ್ನು ಕುರಿತು ಹೇಳಿದ್ದೆಲ್ಲವೂ ಗುಂಡ್ಲುಪೇಟೆಯ ಕಡೆ ರಾಗಿಯ ಹೊಲದಲ್ಲಿ ಅಟ್ಟಣೆ ಹಾಕಿ ಕೂತವನಿಗೂ ಸಲ್ಲುತ್ತದೆ.

ಜೀವಿಯೊಳಗೆ ಒಂದು ಕಾಲಮಾಪಕವಿದೆ ಎಂಬ ಸಂಗತಿಯನ್ನು ಮೊದಲು ಹೊರಗೆಡವಿದ್ದು ಗಿಡಗಳು. ಅಲೆಕ್ಸಾಂಡರನ ನೌಕಾಪಡೆಯಲ್ಲಿದ್ದ ಆಂಡ್ರೋಸ್ಥೆನೀಸನು ಇಂದಿನ ಬಹ್ರೇನ್ ದ್ವೀಪದಲ್ಲಿ ಹಗಲು ಬಿಚ್ಚಿ ರಾತ್ರಿ ಮಡಚಿಕೊಳ್ಳುವ ಎಲೆಗಳ ಮರವೊಂದನ್ನು ಕಂಡು ಬರೆದಿಟ್ಟಿದ್ದನು. ಅದು ನಮ್ಮ ಹುಣಿಸೆಯೇ ಎಂಬುದು ವಿದ್ವಾಂಸರ ಅಭಿಪ್ರಾಯ. 1729ರಲ್ಲಿ ಫ್ರಾನ್ಸಿನ ದ ಮೇರಾನ್ ಎಂಬಾತನು ಮುಟ್ಟಿದರೆಮುನಿಯ ಜಾತಿಯ ಗಿಡವೊಂದನ್ನು ಕತ್ತಲೆಯಲ್ಲಿರಿಸಿ, ಸೂರ್ಯನ ಸುಳಿವೇ ಇಲ್ಲದಿದ್ದರೂ ಅದು ಹೊತ್ತುಹೊತ್ತಿಗೆ ಎಲೆ ತೆರೆದು ಮುಚ್ಚುವುದನ್ನು ಕಂಡನು. ಮನುಷ್ಯನ ಗಡಿಯಾರದ ನಿಖರವಾದ ಅಳತೆ ಸಿಕ್ಕುವುದಕ್ಕೆ ಮಾತ್ರ 1999ರವರೆಗೆ ಕಾಯಬೇಕಾಯಿತು. ಹಾರ್ವರ್ಡಿನ ಚಾರ್ಲ್ಸ್ ಝೈಸ್ಲರ್ ಮತ್ತು ಸಂಗಡಿಗರು ಹಗಲುರಾತ್ರಿಗಳ ಸುಳಿವು ಸಿಕ್ಕದ ಕೋಣೆಗಳಲ್ಲಿ ಜನರನ್ನಿರಿಸಿ, ಅವರ ದೇಹೋಷ್ಣವನ್ನೂ ರಕ್ತದ ಹಾರ್ಮೋನುಗಳನ್ನೂ ಅಳೆದು, ಆ ಒಳಗಡಿಯಾರದ ಒಂದು ಸುತ್ತು ಸರಾಸರಿ 24 ಗಂಟೆ 11 ನಿಮಿಷದ್ದೆಂದು ತಿಳಿಸಿದರು.

ಹನ್ನೊಂದು ನಿಮಿಷ ಅಲ್ಪವೆಂದು ತೋರಬಹುದು. ಆದರೆ ದಿನದಿನವೂ ತಿದ್ದದೆ ಬಿಟ್ಟರೆ ಒಂದು ತಿಂಗಳಲ್ಲಿ ಅದು ಐದೂವರೆ ಗಂಟೆಯಾಗಿ ಬೆಳೆದು, ಸಂಜೆ ಆರರ ಹಸಿವು ನಡುರಾತ್ರಿಗೆ ಹುಟ್ಟುವ ಸ್ಥಿತಿ ಬರುತ್ತದೆ. ತಿದ್ದುವವನು ಸೂರ್ಯ. ವಯನಾಡಿನಲ್ಲಿ ಆ ಸೂರ್ಯನೂ ಗೋಡೆಯ ಗಡಿಯಾರವೂ ಒಂದೇ ಮಾತನ್ನಾಡುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಭಾರತದ ಸಮಯವನ್ನು ಎಂಬತ್ತೆರಡೂವರೆ ಡಿಗ್ರಿಯ ರೇಖಾಂಶಕ್ಕೆ ಕಟ್ಟಿರುವುದರಿಂದ, ಎಪ್ಪತ್ತಾರರ ಆಸುಪಾಸಿನಲ್ಲಿರುವ ಕಲ್ಪೆಟ್ಟದಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ ಹನ್ನೆರಡು ಗಂಟೆ ಇಪ್ಪತ್ತಾರು ನಿಮಿಷಕ್ಕೆ. ಸರಕಾರದ ಕಚೇರಿ ಗೋಡೆಯ ಗಡಿಯಾರವನ್ನು ನೋಡುತ್ತದೆ. ನಮ್ಮ ಮೆದುಳಾದರೋ ಸೂರ್ಯನನ್ನು.

ಮೆದುಳಿನ ತಳಭಾಗದ ಹೈಪೊಥೆಲಮಸಿನಲ್ಲಿ, ಕಣ್ಣಿನ ನರಗಳೆರಡೂ ಒಂದನ್ನೊಂದು ಹಾಯುವ ಎಡೆಯ ಮೇಲ್ಗಡೆ, ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಎಂಬ ನರಕೋಶಗಳ ಜೋಡಿಗುಂಪೊಂದಿದೆ. ಎಲ್ಲ ಸೇರಿ ಇಪ್ಪತ್ತು ಸಾವಿರದಷ್ಟು ಕೋಶಗಳು. ಅದನ್ನು ನಾಶಮಾಡಿದ ಇಲಿಗಳಲ್ಲಿ ಹೊತ್ತಿನ ಲಯವೇ ಅಳಿಯುತ್ತದೆಂಬುದನ್ನು 1972ರಲ್ಲಿ ಅಮೆರಿಕದ ಎರಡು ತಂಡಗಳು ಪರಸ್ಪರ ಸಂಬಂಧವಿಲ್ಲದೆ ಕಂಡುಹಿಡಿದುವು. ಹಾಗೆಂದು ಗಡಿಯಾರ ಅದೊಂದೇ ಎಂದು ತಿಳಿಯಬಾರದು. 2017ರ ನೊಬೆಲ್ ಬಹುಮಾನವನ್ನು ತಂದುಕೊಟ್ಟ ಹಣ್ಣಿನ ನೊಣದ ಸಂಶೋಧನೆಯಿಂದ ತೊಡಗಿ ಈಚಿನವರೆಗೆ ತಿಳಿದುಬಂದಿರುವುದೇನೆಂದರೆ, ಕೆಲವು ಜೀನುಗಳು ಪ್ರೋಟೀನುಗಳನ್ನು ಹುಟ್ಟಿಸಿ, ಆ ಪ್ರೋಟೀನುಗಳು ಕೂಡಿಬಂದು ಅದೇ ಜೀನುಗಳ ಬಾಯಿ ಮುಚ್ಚಿಸಿ, ಅವು ಕರಗಿದ ಮೇಲೆ ಮತ್ತೆ ಜೀನುಗಳು ಕೆಲಸಕ್ಕೆ ತೊಡಗುವ, ಹೆಚ್ಚುಕಡಮೆ ಒಂದು ದಿನದ ಆವರ್ತನವು ನಮ್ಮ ಯಕೃತ್ತಿನಲ್ಲಿಯೂ ಮೂತ್ರಪಿಂಡದಲ್ಲಿಯೂ ಹೃದಯದಲ್ಲಿಯೂ ಚರ್ಮದಲ್ಲಿಯೂ ಕೋಶಕೋಶಕ್ಕೆ ನಡೆಯುತ್ತಿರುತ್ತದೆ. ಇಷ್ಟೊಂದು ಗಡಿಯಾರಗಳು ಒಂದೇ ದೇಹದಲ್ಲಿದ್ದು, ಒಂದೊಂದೂ ತನ್ನ ತನ್ನ ಹೊತ್ತನ್ನು ಸಾರತೊಡಗಿದರೆ ಆ ದೇಹದ ಗತಿಯೇನು?

ಹಾರ್ಮೋನುಗಳ ಕೆಲಸ ಇಲ್ಲಿ ತೊಡಗುತ್ತದೆ. ನರಗಳ ಮೂಲಕ ಮೆದುಳು ಕೆಲವು ಅಂಗಗಳಿಗೆ ನೇರವಾಗಿ ಆಜ್ಞೆ ಕಳುಹಿಸಬಲ್ಲುದು. ಆದರೆ ಪ್ರತಿಯೊಂದು ಕೋಶಕ್ಕೂ ನರದ ತುದಿ ಹೋಗುವುದಿಲ್ಲ. ರಕ್ತ ಮಾತ್ರ ಎಲ್ಲ ಕಡೆಗೂ ಹೋಗುತ್ತದೆ. ಮೇಪ್ಪಾಡಿಯ ಚಹಾ ತೋಟಗಳಲ್ಲಿ ಕಾರ್ಖಾನೆಯ ಸೈರನ್ನು ಕೂಗಿದಾಗ ಪಾಡಿಗಳ ಸಾಲುಸಾಲಿನ ಮನೆಗಳಲ್ಲಿ ಯಾರೂ ಬಂದು ಕದ ತಟ್ಟಬೇಕಾಗುವುದಿಲ್ಲ. ಕೂಗು ಒಂದೇ, ಆದರೆ ಎಲೆ ಕೊಯ್ಯುವವಳಿಗೆ ಅದರ ಅರ್ಥ ಬೇರೆ, ಒಲೆಯ ಮುಂದಿರುವವಳಿಗೆ ಬೇರೆ, ಶಾಲೆಗೆ ಹೊರಟ ಮಗುವಿಗೆ ಬೇರೆ. ನಿರ್ನಾಳ ಗ್ರಂಥಿಯೊಂದು ತನ್ನ ರಸವನ್ನು ರಕ್ತಕ್ಕೆ ಬಿಟ್ಟಾಗ ಆಗುವುದೂ ಇದೇ. ಯಾವ ಕೋಶದಲ್ಲಿ ಅದನ್ನು ಗ್ರಹಿಸತಕ್ಕ ಗ್ರಾಹಕವಿದೆಯೋ ಆ ಕೋಶ ತನ್ನ ಪಾಲಿನ ಅರ್ಥವನ್ನು ಮಾಡಿಕೊಳ್ಳುತ್ತದೆ.

ರಾತ್ರಿಯ ಕೂಗು ಮೆಲಟೋನಿನ್. ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಆರನ್ ಲರ್ನರ್ 1958ರಲ್ಲಿ ದನಗಳ ಪೀನಿಯಲ್ ಗ್ರಂಥಿಗಳನ್ನು ಅಪಾರವಾಗಿ ಕೂಡಿಹಾಕಿ ಅದನ್ನು ಬೇರ್ಪಡಿಸಿದಾಗ ಅವನಿಗೆ ಬೇಕಾಗಿದ್ದುದು ಚರ್ಮದ ಬಣ್ಣವನ್ನು ಬದಲಿಸುವ ವಸ್ತು. ಕಾಲಗಣನೆಯ ಯೋಚನೆ ಅವನಿಗಿರಲಿಲ್ಲ. ಆ ಗ್ರಂಥಿಗೆ ಅಪ್ಪಣೆ ತಲಪುವ ಮಾರ್ಗ ವಿಚಿತ್ರವಾದದ್ದು. ಪೀನಿಯಲ್ ಇರುವುದು ಮೆದುಳಿನ ನಡುವೆಯೇ, ಗಡಿಯಾರವಿರುವುದೂ ಮೆದುಳಿನಲ್ಲಿಯೇ. ಆದರೂ ಸಂದೇಶವು ಮೊದಲು ಬೆನ್ನುಹುರಿಗಿಳಿದು, ಎದೆಯ ಮೇಲ್ಭಾಗದಲ್ಲಿ ಹೊರಟು, ಕೊರಳಿನ ನರಗಂಟನ್ನು ಹಾಯ್ದು, ರಕ್ತನಾಳಗಳ ಜಾಡು ಹಿಡಿದು ತಲೆಗೆ ಮರಳಿ ಹತ್ತುತ್ತದೆ. ಕೊರಳಿನ ಹತ್ತಿರ ಬೆನ್ನುಹುರಿಗೆ ಪೆಟ್ಟಾದವರಲ್ಲಿ ಮೆಲಟೋನಿನ್ನಿನ ರಾತ್ರಿಯ ಏರಿಕೆಯೇ ಕಾಣದಿರುವುದಕ್ಕೆ ಕಾರಣ ಇದು. ಆರೋಗ್ಯವಂತರಲ್ಲಿ ಮಲಗುವ ಹೊತ್ತಿಗೆ ಸುಮಾರು ಎರಡು ಗಂಟೆ ಮುಂಚಿನಿಂದ ಅದರ ಪ್ರಮಾಣ ಏರತೊಡಗಿ, ನಡುರಾತ್ರಿ ಕಳೆದ ಮೇಲೆ ತುದಿ ಮುಟ್ಟಿ, ಬೆಳಗಾಗುತ್ತಲೂ ಇಳಿದುಹೋಗುತ್ತದೆ. ರಕ್ತದಲ್ಲಿ ಅದು ಬಹಳ ಹೊತ್ತು ಉಳಿಯುವಂಥದ್ದಲ್ಲ. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಭಾಗ ತೀರಿಹೋಗುವುದರಿಂದ, ಯಾವ ಕ್ಷಣದಲ್ಲಿಯೇ ಆಗಲಿ ರಕ್ತದಲ್ಲಿ ಎಷ್ಟಿದೆಯೆಂಬುದು ಗ್ರಂಥಿಯು ಆಗ ತಾನೆ ಎಷ್ಟು ಸುರಿಸುತ್ತಿದೆಯೆಂಬುದರ ಸಾಕ್ಷಿ.

ಕಣ್ಣಿಗೆ ಬೀಳುವ ಬೆಳಕು ಈ ಸ್ರಾವವನ್ನು ನಿಲ್ಲಿಸುತ್ತದೆ. ಮನುಷ್ಯರ ಮಟ್ಟಿಗೆ ಅದನ್ನು 1980ರಲ್ಲಿ ಆಲ್ಫ್ರೆಡ್ ಲೂಯಿ ತೋರಿಸಿದಾಗ, ಮನೆಯ ದೀಪಕ್ಕಿಂತ ಎಷ್ಟೋ ಪಾಲು ಪ್ರಖರವಾದ ಬೆಳಕನ್ನು ಬಳಸಿದ್ದನು; ಸಾಧಾರಣ ದೀಪವೂ ಸಂಜೆಯ ಏರಿಕೆಯನ್ನು ತಕ್ಕಮಟ್ಟಿಗೆ ಕುಗ್ಗಿಸಬಲ್ಲುದೆಂಬುದು ಆಮೇಲೆ ತಿಳಿದುಬಂತು. ಇಷ್ಟೇ ಆಗಿದ್ದರೆ ಮೆಲಟೋನಿನ್ನನ್ನು ಗಡಿಯಾರದ ಮುಳ್ಳೆಂದು ಹೇಳಿ ಮುಂದುವರಿಯಬಹುದಾಗಿತ್ತು. ಅದರ ವಿಶೇಷವೇನೆಂದರೆ, ಹೊರಟ ಕಡೆಗೆ ಅದು ಮರಳಿ ಬರುತ್ತದೆ: ಅದನ್ನು ಗ್ರಹಿಸುವ ಗ್ರಾಹಕಗಳು ಗಡಿಯಾರದ ಕೋಶಗಳ ಮೇಲೆಯೇ ಇವೆ. ತಾನು ಕೊಟ್ಟ ಅಪ್ಪಣೆಯ ಫಲವನ್ನು ಗಡಿಯಾರ ತಾನೇ ಕೇಳಿಸಿಕೊಂಡು, ಇದು ರಾತ್ರಿಯೇ ಸರಿ ಎಂದು ದೃಢಪಡಿಸಿಕೊಳ್ಳುತ್ತದೆ.

ಇದಕ್ಕೆ ಪ್ರಮಾಣವೇನೆಂದು ಕೇಳಿದರೆ ಗುಬ್ಬಚ್ಚಿಯನ್ನು ತೋರಿಸಬಹುದು. 1968ರಲ್ಲಿ ಗ್ಯಾಸ್ಟನ್ ಮತ್ತು ಮೆನೇಕರ್ ಎಂಬಿಬ್ಬರು ಮನೆಗುಬ್ಬಿಯ ಪೀನಿಯಲ್ ಗ್ರಂಥಿಯನ್ನು ತೆಗೆದು, ಹಕ್ಕಿಯನ್ನು ನಿರಂತರ ಕತ್ತಲೆಯಲ್ಲಿಟ್ಟಾಗ ಅದರ ಕುಪ್ಪಳಿಕೆಗೆ ಹಗಲಿರುಳೆಂಬ ಕ್ರಮವೇ ಇಲ್ಲವಾಯಿತು. ಹನ್ನೊಂದು ವರ್ಷಗಳ ತರುವಾಯ ಮೆನೇಕರ್ ಮತ್ತು ಝಿಮ್ಮರ್‌ಮನ್ ಅಂಥ ಹಕ್ಕಿಯ ಕಣ್ಣಿನೊಳಗೆ ಮತ್ತೊಂದು ಹಕ್ಕಿಯ ಪೀನಿಯಲನ್ನು ನಾಟಿಹಾಕಿದರು. ಲಯ ಮರಳಿತು, ಮಾತ್ರವಲ್ಲ, ಗ್ರಂಥಿಯನ್ನು ಕೊಟ್ಟ ಹಕ್ಕಿಯ ಹೊತ್ತೇ ಪಡೆದ ಹಕ್ಕಿಯ ಹೊತ್ತಾಯಿತು. ಮನುಷ್ಯರಲ್ಲಿ ಪೀನಿಯಲಿಗೆ ಇಷ್ಟು ಸ್ವಾತಂತ್ರ್ಯವಿಲ್ಲ. ಆದರೂ ಬೆಳಕನ್ನು ಲೇಶವೂ ಗ್ರಹಿಸಲಾರದ ಅಂಧರ ಸಂಗತಿಯನ್ನು ನೋಡಿದರೆ ಅದರ ಬಲ ಗೊತ್ತಾಗುತ್ತದೆ. ಸೂರ್ಯನ ತಿದ್ದುಪಡಿಯಿಲ್ಲದೆ ಅವರಲ್ಲಿ ಅನೇಕರ ಒಳಗಡಿಯಾರ ದಿನವೂ ಅಷ್ಟಷ್ಟು ಹಿಂದಕ್ಕೆ ಸರಿದು, ಕೆಲವು ವಾರ ರಾತ್ರಿ ನಿದ್ರೆಯೂ ಕೆಲವು ವಾರ ಹಗಲು ತೂಕಡಿಕೆಯೂ ಸರದಿಯಲ್ಲಿ ಬರುತ್ತವೆ. ಅಮೆರಿಕದ ಆರಿಗನ್ನಿನಲ್ಲಿ ಸ್ಯಾಕ್ ಮತ್ತು ಲೂಯಿ ಅಂಥ ಏಳು ಮಂದಿಗೆ ದಿನವೂ ಮಲಗುವ ಮುನ್ನ ಮೆಲಟೋನಿನ್ ಕೊಟ್ಟರು. 2000ದಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಆರು ಮಂದಿಯ ಗಡಿಯಾರ ಇಪ್ಪತ್ತನಾಲ್ಕು ಗಂಟೆಗೆ ಬಂದು ನಿಂತಿತು. ಅಲೆಯುತ್ತಿದ್ದ ಕಾಲವನ್ನು ಒಂದು ಹಾರ್ಮೋನು ಕಂಬಕ್ಕೆ ಕಟ್ಟಿ ನಿಲ್ಲಿಸಿದ್ದು ಇಷ್ಟು ಸ್ಪಷ್ಟವಾಗಿ ಮತ್ತೆಲ್ಲಿಯೂ ಕಾಣದು.

ಏರುಮಾಡದಲ್ಲಿ ಕುಳಿತವನ ಮೆಲಟೋನಿನ್ ಈಗ ಏನು ಮಾಡುತ್ತಿರಬೇಕೆಂದು ಯೋಚಿಸಬಹುದು. ನಗರದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸಮ್ಮನಿಗೂ ಅವನಿಗೂ ಇಲ್ಲಿ ಒಂದು ದೊಡ್ಡ ಅಂತರವಿದೆ. ಆಕೆಯ ಮೇಲೆ ಇಡೀ ರಾತ್ರಿ ಬಿಳಿಯ ದೀಪ ಸುರಿಯುತ್ತಿರುತ್ತದೆ. ಇವನಿಗಾದರೋ ಆನೆಗೆ ತನ್ನ ಇರವು ಗೊತ್ತಾಗಬಾರದೆಂದೋ, ಬ್ಯಾಟರಿ ಮುಗಿಯಬಾರದೆಂದೋ, ಬಹುಪಾಲು ಕತ್ತಲೆಯೇ. ಹುಣ್ಣಿಮೆಯ ಬೆಳದಿಂಗಳು ಒಂದು ಲಕ್ಸಿನ ಮೂರನೆಯ ಒಂದು ಪಾಲೂ ಇಲ್ಲ, ಮಧ್ಯಾಹ್ನದ ಬಿಸಿಲಾದರೋ ಒಂದು ಲಕ್ಷದ ಹತ್ತಿರ. ಹೀಗಾಗಿ ಅವನ ಪೀನಿಯಲ್ ಯಾವ ಅಡ್ಡಿಯೂ ಇಲ್ಲದೆ ರಾತ್ರಿಯುದ್ದಕ್ಕೂ ತನ್ನ ರಸವನ್ನು ಸುರಿಸುತ್ತ ಹೋಗುತ್ತದೆ. ಬೆಳಿಗ್ಗೆ ಮನೆಗೆ ನಡೆದುಬರುವಾಗ ಎಳೆಬಿಸಿಲು ಕಣ್ಣಿಗೆ ಬಿದ್ದು, ಹಗಲು ಶುರುವಾಯಿತೆಂಬ ಮುದ್ರೆಯನ್ನೂ ಒತ್ತುತ್ತದೆ. ನರ್ಸಮ್ಮನ ಗಡಿಯಾರ ದೀಪಕ್ಕೆ ಸೋತು ತುಸುವಾದರೂ ಜರುಗಿದರೆ, ಕಾವಲಿನವನದು ಒಂದಿಷ್ಟೂ ಜರುಗುವುದಿಲ್ಲ. ಅವನು ಎಚ್ಚತ್ತಿರುವುದು ತನ್ನ ದೇಹದ ಗಾಢವಾದ ನಡುರಾತ್ರಿಯಲ್ಲಿ, ಮಲಗುವುದು ತನ್ನ ದೇಹದ ಉಜ್ಜ್ವಲವಾದ ಮುಂಜಾನೆಯಲ್ಲಿ.

ಆ ಮುಂಜಾನೆಯನ್ನು ಸಾರುವ ರಸ ಕಾರ್ಟಿಸಾಲ್. ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಹೊರಡುವ ಇದನ್ನು ಜನ ಕೇವಲ ಆತಂಕದ ಹಾರ್ಮೋನೆಂದು ಬಲ್ಲರು. ಪತ್ರಿಕೆಗಳ ಆರೋಗ್ಯ ಪುಟಗಳು ಅದನ್ನು ಇಳಿಸಿಕೊಳ್ಳುವ ಉಪಾಯಗಳನ್ನು ವಾರವಾರವೂ ಹೇಳಿಕೊಡುತ್ತವೆ. ಅದಕ್ಕೆ ಆತಂಕದ ಸಂಬಂಧವಿರುವುದು ಸುಳ್ಳಲ್ಲ, ಆದರೆ ಯಾವ ಆತಂಕವೂ ಇಲ್ಲದ ಮನುಷ್ಯನಲ್ಲಿಯೂ ಅದು ನಡುರಾತ್ರಿಯ ಸುತ್ತಿನಲ್ಲಿ ತೀರ ತಗ್ಗಿ, ಬೆಳಗಿನ ಜಾವ ಎರಡು ಮೂರು ಗಂಟೆಯಿಂದ ಏರುತ್ತ ಬಂದು, ಏಳುವ ಹೊತ್ತಿಗೆ ಶಿಖರವನ್ನು ಮುಟ್ಟಿ, ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಇನ್ನೊಂದಿಷ್ಟು ಹಾರಿ, ಆಮೇಲೆ ದಿನವಿಡೀ ಇಳಿಯುತ್ತದೆ. ರಕ್ತಕ್ಕೆ ಸಕ್ಕರೆಯನ್ನು ಒದಗಿಸಿ, ಮೈಯನ್ನು ಕೆಲಸಕ್ಕೆ ಅಣಿಗೊಳಿಸುವುದು ಅದರ ಉದ್ಯೋಗ. ಇಲಿ ಹೆಗ್ಗಣಗಳಂಥ ನಿಶಾಚರ ಪ್ರಾಣಿಗಳಲ್ಲಿ ಅದಕ್ಕೆ ಸಮಾನವಾದ ರಸ ಸಂಜೆಗೆ ಏರುತ್ತದೆ. ಮೆಲಟೋನಿನ್ ಎಲ್ಲ ಜೀವಿಗಳಿಗೂ ರಾತ್ರಿಯನ್ನೇ ಸಾರಿದರೆ, ಅಡ್ರಿನಲಿನ ರಸ ಆಯಾ ಜೀವಿಯ ದುಡಿಮೆಯ ಆರಂಭವನ್ನು ಸಾರುತ್ತದೆ.

1990ರ ದಶಕದ ಕೊನೆಯ ವೇಳೆಗೆ ಜಿನೀವಾದಲ್ಲಿ ಊಲಿ ಶಿಬ್ಲರನ ಪ್ರಯೋಗಶಾಲೆ ಈ ರಸದ ಬೆನ್ನು ಹತ್ತಿತು. ಡೆಕ್ಸಾಮೆಥಸೋನ್ ಎಂಬ, ನಮ್ಮ ಔಷಧದಂಗಡಿಗಳಿಗೂ ಪರಿಚಿತವಾದ, ಕಾರ್ಟಿಸಾಲಿನ ಬಂಧುವನ್ನು ಕೊಟ್ಟಾಗ ಯಕೃತ್ತು, ಮೂತ್ರಪಿಂಡ, ಹೃದಯಗಳಲ್ಲಿನ ಗಡಿಯಾರಗಳು ಮರುಹೊಂದಾಣಿಕೆಗೊಂಡುವೆಂದೂ, ಮೆದುಳಿನ ಮುಖ್ಯ ಗಡಿಯಾರವು ಮಾತ್ರ ಕದಲಲಿಲ್ಲವೆಂದೂ ಅವರು 2000ದಲ್ಲಿ ತಿಳಿಸಿದರು. ಮುಖ್ಯ ಗಡಿಯಾರದಲ್ಲಿ ಆ ರಸವನ್ನು ಗ್ರಹಿಸುವ ಗ್ರಾಹಕವೇ ಇಲ್ಲ. ಈ ವ್ಯವಸ್ಥೆಯ ಜಾಣ್ಮೆಯನ್ನು ಗಮನಿಸಬೇಕು: ದಿನದ ನಡುವೆ ನಾಯಿಯೊಂದು ಬೆನ್ನಟ್ಟಿದರೂ ಸಾಕು, ಕಾರ್ಟಿಸಾಲ್ ಚಿಮ್ಮುತ್ತದೆ, ಮುಖ್ಯ ಗಡಿಯಾರಕ್ಕೂ ಅದು ಕೇಳಿಸುವಂತಿದ್ದರೆ ಪ್ರತಿಯೊಂದು ಹೆದರಿಕೆಯೂ ಒಂದೊಂದು ಹೊಸ ಬೆಳಗಾಗಿಬಿಡುತ್ತಿತ್ತು.

ಅದೇ ಪ್ರಯೋಗಶಾಲೆಯಿಂದ ಮರುವರ್ಷ ಹೊರಬಂದ ಇನ್ನೊಂದು ಬರಹ ನನ್ನ ಮಟ್ಟಿಗೆ ಹೆಚ್ಚು ಅರ್ಥವತ್ತಾದದ್ದು. ಇಲಿಗಳು ತಿನ್ನುವುದು ರಾತ್ರಿ. ಅವಕ್ಕೆ ಹಗಲಿನಲ್ಲಿ ಮಾತ್ರ ಆಹಾರವನ್ನಿಟ್ಟರೆ, ಮೆದುಳಿನ ಗಡಿಯಾರ ಹಳೆಯ ಹೊತ್ತಿನಲ್ಲಿಯೇ ಉಳಿದು, ಯಕೃತ್ತಿನ ಗಡಿಯಾರ ನಿಧಾನವಾಗಿ ತಿರುಗಿ ಹಗಲನ್ನೇ ತನ್ನ ಕೆಲಸದ ಹೊತ್ತನ್ನಾಗಿ ಮಾಡಿಕೊಳ್ಳುತ್ತದೆ. ಹೀಗೆ ತಿರುಗುವುದಕ್ಕೆ ದಿನಗಳೇ ಹಿಡಿಯುತ್ತವೆ. ಆದರೆ ಅಡ್ರಿನಲ್ ಗ್ರಂಥಿಯನ್ನು ತೆಗೆದ ಇಲಿಗಳಲ್ಲಿ ಆ ತಿರುವು ಬಹಳ ಬೇಗನೆ ಆಗಿಹೋಯಿತು. ಎಂದರೆ ತಡೆದು ಹಿಡಿದಿದ್ದುದು ಅಡ್ರಿನಲಿನ ರಸ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಊಟವನ್ನು ನಂಬಿ ಯಕೃತ್ತು ತಟ್ಟನೆ ಹೊರಳಿಕೊಳ್ಳದ ಹಾಗೆ, ಮೆದುಳಿನ ಹೊತ್ತನ್ನು ದಿನದಿನವೂ ಮತ್ತೆ ಮತ್ತೆ ನೆನಪಿಸಿ, ಇಡೀ ದೇಹವನ್ನು ಅದು ಒಂದು ಕಡೆ ನಿಲ್ಲಿಸಿತ್ತು. ಜರ್ಮನಿಯ ಗಟಿಂಗನ್ನಿನಲ್ಲಿ ಹೆನ್ರಿಕ್ ಓಸ್ಟರ್ ಮತ್ತು ಸಂಗಡಿಗರು 2010ರಲ್ಲಿ ಇದರ ಮತ್ತೊಂದು ಮುಖವನ್ನು ತೋರಿಸಿದರು: ಬೆಳಕಿನ ವೇಳೆಯನ್ನು ಹಠಾತ್ತಾಗಿ ಬದಲಿಸಿದಾಗ ಇಲಿಗಳು ಹೊಸ ಹೊತ್ತಿಗೆ ಹೊಂದಿಕೊಳ್ಳುವ ವೇಗವನ್ನು, ಈ ರಸದ ಲಯವನ್ನು ತಿದ್ದುವುದರ ಮೂಲಕ ಹೆಚ್ಚಿಸಲೂ ಬಹುದು, ತಗ್ಗಿಸಲೂ ಬಹುದು.

ಸ್ಥೈರ್ಯವೆಂಬುದು ಇಲ್ಲಿ ಜಡತೆಯ ರೂಪವನ್ನು ತಾಳಿದೆ, ಮತ್ತು ಆ ಜಡತೆಯನ್ನು ನಾನು ದೋಷವೆಂದು ಎಣಿಸಲಾರೆ. ಊರಿನ ತೇರಿಗೆಂದೋ ಯಕ್ಷಗಾನಕ್ಕೆಂದೋ ಒಂದು ರಾತ್ರಿ ನಿದ್ದೆಗೆಟ್ಟವನ ದೇಹ ಮರುದಿನವೇ ರಾತ್ರಿಯನ್ನು ಹಗಲೆಂದು ಒಪ್ಪಿಕೊಂಡುಬಿಟ್ಟರೆ ಅವನ ಪಾಡು ಕಷ್ಟವಾಗುತ್ತಿತ್ತು. ಒಂದೆರಡು ದಿನದ ವ್ಯತ್ಯಯವನ್ನು ಸಹಿಸಿ ನುಂಗಿಕೊಳ್ಳುವುದಕ್ಕೆಂದೇ ಹಾರ್ಮೋನುಗಳು ಹೀಗೆ ಹಟಮಾರಿಗಳಾಗಿವೆ. ಕಷ್ಟವಿರುವುದು ವ್ಯತ್ಯಯವೇ ನಿಯಮವಾದವರಿಗೆ. ಸುಗ್ಗಿಯ ದಿನಗಳಲ್ಲಿ ಚಹಾ ಕಾರ್ಖಾನೆಯವರು ಹಗಲು ಕೊಯ್ದ ಎಲೆಯನ್ನು ಹನ್ನೆರಡು ಹದಿನೆಂಟು ಗಂಟೆ ಬಾಡಲು ಬಿಟ್ಟು ಅಪರಾತ್ರಿಯಲ್ಲಿ ಯಂತ್ರ ಹೂಡಬೇಕಾಗುತ್ತದೆ. ಮೈಸೂರಿನ ತರಕಾರಿಯನ್ನು ಕೋಯಿಕ್ಕೋಡಿಗೆ ಹೊತ್ತೊಯ್ಯುವ ಲಾರಿಯವರದು ಮತ್ತೊಂದು ಬಗೆ: 2009ರಿಂದ ಬಂಡೀಪುರದ ಕಾಡುದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿರುವುದರಿಂದ ಗೇಟು ಮುಚ್ಚುವ ಮುನ್ನ ದಾಟಲಾರದವರು ತೆರೆಯುವವರೆಗೆ ಅಲ್ಲಿಯೇ ನಿಲ್ಲಬೇಕು. ಆ ನಿಷೇಧವನ್ನು ಕುರಿತು ಎರಡು ರಾಜ್ಯಗಳ ನಡುವೆ ಬೇಕಾದಷ್ಟು ವಾಗ್ವಾದ ನಡೆದಿದೆ. ಜಿಂಕೆಗೂ ಆನೆಗೂ ಇರುಳನ್ನು ಬಿಟ್ಟುಕೊಟ್ಟದ್ದು ಸರಿಯೆಂದೇ ನಾನೂ ತಿಳಿದಿದ್ದೇನೆ. ಚಾಲಕನಿಗೂ ಅಕಸ್ಮಾತ್ತಾಗಿ ಒಂದು ರಾತ್ರಿ ಸಿಕ್ಕಿತೆಂಬುದು ಆ ವಾದದಲ್ಲಿ ಯಾರ ಬಾಯಿಂದಲೂ ಬಂದುದನ್ನು ನಾನು ಕೇಳಿಲ್ಲ.

ಕಾವಲಿನವನ ಊಟದ ವಿಚಾರಕ್ಕೆ ಬರೋಣ. ಚಳಿಗೆ, ಬೇಸರಕ್ಕೆ, ನಡುರಾತ್ರಿಯಲ್ಲಿ ಅವನು ಬುತ್ತಿ ಬಿಚ್ಚುತ್ತಾನೆ. ಗಂಜಿಯೋ ಕಪ್ಪೆಯೋ (ಕಪ್ಪೆಯೆಂದರೆ ಅಲ್ಲಿ ಮರಗೆಣಸು; ಘಟ್ಟದ ಈಚೆಯವರು ಗಾಬರಿಪಡಬೇ‌ಕಾದುದಿಲ್ಲ) ಹೊಟ್ಟೆಗಿಳಿದಾಗ ಮೇದೋಜೀರಕ ಗ್ರಂಥಿ ಇನ್ಸುಲಿನ್ನನ್ನು ಬಿಡುತ್ತದೆ. ಇನ್ಸುಲಿನ್ ಸಕ್ಕರೆಯನ್ನು ಒಳಗೆ ಸೇರಿಸುವುದಷ್ಟನ್ನೇ ಮಾಡಿ ಸುಮ್ಮನಾಗುವುದಿಲ್ಲವೆಂದೂ, ಕೋಶಗಳಲ್ಲಿ ಗಡಿಯಾರದ ಪೀರಿಯಡ್ ಎಂಬ ಪ್ರೋಟೀನಿನ ತಯಾರಿಯನ್ನು ಹೆಚ್ಚಿಸಿ ಹೊತ್ತನ್ನೇ ತಿದ್ದುತ್ತದೆಂದೂ 2019ರಲ್ಲಿ ಕೇಂಬ್ರಿಜ್ ಮತ್ತು ಮ್ಯಾಂಚೆಸ್ಟರಿನವರು ತೋರಿಸಿದ್ದಾರೆ. ಹೀಗೆ ಒಂದೇ ಯಕೃತ್ತಿನ ಕಿವಿಗೆ, ಇದು ಊಟದ ಹೊತ್ತು, ಆದ್ದರಿಂದ ಹಗಲು ಎಂದು ಇನ್ಸುಲಿನ್ನು ಹೇಳುತ್ತದೆ. ಹಗಲಿಗೆ ಇನ್ನೂ ಬಹಳ ಹೊತ್ತಿದೆ ಎಂದು ಕಾರ್ಟಿಸಾಲ್ ಹೇಳುತ್ತದೆ. ಮೆಲಟೋನಿನ್ ರಾತ್ರಿ ರಾತ್ರಿ ಎನ್ನುತ್ತಲೇ ಇರುತ್ತದೆ, ಅಷ್ಟೇ ಅಲ್ಲ, ಇನ್ಸುಲಿನ್ನಿನ ಬಿಡುಗಡೆಯನ್ನೂ ಕುಗ್ಗಿಸುತ್ತದೆ. ಅದೇ ಅನ್ನ ಮಧ್ಯಾಹ್ನಕ್ಕಿಂತ ನಡುರಾತ್ರಿಯಲ್ಲಿ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುವುದಕ್ಕೆ ಇದೊಂದು ಕಾರಣ. ರಾತ್ರಿ ಪಾಳಿಯವರಲ್ಲಿ ಮಧುಮೇಹ ಹೆಚ್ಚೆಂಬುದು ಹಲವು ದೇಶಗಳ ಅನುಭವ. ಸಾಧ್ಯವಾದರೆ ಸಂಜೆಯೇ ಹೊಟ್ಟೆ ತುಂಬ ಉಂಡು ಮರ ಹತ್ತುವುದು, ಬುತ್ತಿಯನ್ನು ಬೆಳಿಗ್ಗೆ ಇಳಿದ ಮೇಲೆ ಬಿಚ್ಚುವುದು ಲೇಸು.

ಬುತ್ತಿಯ ಜೊತೆಗೆ ಫ್ಲಾಸ್ಕಿನಲ್ಲಿ ಕಟ್ಟನ್ ಕಾಪಿಯೂ ಇರುತ್ತದೆ, ಹಾಲಿಲ್ಲದ ಕಪ್ಪು ಕಾಫಿ. ವಯನಾಡಿನದು ಮುಖ್ಯವಾಗಿ ರೊಬಸ್ಟಾ, ಅರೇಬಿಕಾಕ್ಕಿಂತ ಅದರಲ್ಲಿ ಕೆಫೀನು ಹೆಚ್ಚುಕಡಮೆ ಎರಡರಷ್ಟು. ಕಾಫಿ ನಿದ್ರೆಯನ್ನು ಓಡಿಸುತ್ತದೆಂಬುದನ್ನು ಯಾರಿಗೂ ಹೇಳಬೇಕಾಗಿಲ್ಲ; ಆದರೆ ಮಲಗುವ ಮೂರು ಗಂಟೆ ಮುಂಚೆ ಕುಡಿದ ಗಟ್ಟಿ ಕಾಫಿ ಮೆಲಟೋನಿನ್ನಿನ ಏರಿಕೆಯನ್ನೇ ಸುಮಾರು 40 ನಿಮಿಷ ಹಿಂದೂಡುತ್ತದೆಂದು 2015ರಲ್ಲಿ ಕೊಲರಾಡೋದಲ್ಲಿ ಕಂಡುಬಂದದ್ದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಈ ಮಾತನ್ನು ಮೆಲ್ಲಗೆ ಆಡಬೇಕು.

ಹಾರ್ಮೋನಿನ ಮಹಿಮೆಯನ್ನು ನೋಡಬೇಕಾದರೆ ಮನುಷ್ಯರನ್ನೇ ನೋಡಬೇಕೆಂದೇನೂ ಇಲ್ಲ. ಕಾವಲಿನವನು ಕುಳಿತಂಥದೇ ಎತ್ತರದ ಮರಗಳಲ್ಲಿ ಹೆಜ್ಜೇನಿನ ತಟ್ಟಿಗಳು ತೂಗುತ್ತಿರುತ್ತವೆ, ಬೆಳದಿಂಗಳಿನ ರಾತ್ರಿಗಳಲ್ಲಿ ಹೆಜ್ಜೇನುಗಳು ಮೇವಿಗೆ ಹೊರಡುವುದೂ ಉಂಟು. ಜೇನುಗಳಲ್ಲಿ ಹೊರಗೆ ದುಡಿಯುವವಕ್ಕೆ ಹೊತ್ತಿನ ಲಯ ಖಚಿತವಾಗಿದ್ದರೆ, ಗೂಡಿನೊಳಗೆ ಮರಿಗಳನ್ನು ಸಾಕುವ ಎಳೆಯ ದಾದಿಯರಿಗೆ ಹಗಲಿರುಳುಗಳ ಭೇದವೇ ಇಲ್ಲ. ಹಸಿದ ಮರಿಗೆ ಯಾವ ಹೊತ್ತಾದರೇನು! 2001ರಲ್ಲಿ ಗೈ ಬ್ಲಾಕ್ ಮತ್ತು ಜೀನ್ ರಾಬಿನ್‌ಸನ್ ಮೇವಿನ ಜೇನುಗಳನ್ನು ಮರಳಿ ದಾದಿತನಕ್ಕೆ ಹಚ್ಚಿ, ಅವುಗಳ ಲಯ ಕರಗಿಹೋಗುವುದನ್ನು ಕಂಡರು. ಯುರೋಪಿನ ಬಂಬಲ್ ಜಾತಿಯ ದುಂಬಿಗಳಲ್ಲಿ ಈ ಲಯದ ಬಲವನ್ನು ಹೆಚ್ಚಿಸುವುದು ಜೂವನೈಲ್ ಹಾರ್ಮೋನು ಎಂಬುದನ್ನು ಜೆರುಸಲೇಮಿನಲ್ಲಿ ಬ್ಲಾಕ್‌ನ ಶಿಷ್ಯರು 2020ರಲ್ಲಿ ತಿಳಿಸಿದರು. ಆ ರಸವನ್ನು ತಗ್ಗಿಸಿದಾಗ ಎಳೆಯ ದುಂಬಿಗಳ ಲಯ ದುರ್ಬಲವಾಯಿತು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವಿಜ್ಞಾನ ಸಂಶೋಧನ ಕೇಂದ್ರದಲ್ಲಿ ಹಣ್ಣಿನ ನೊಣಗಳ ಲಯವನ್ನು ಕುರಿತು ವರ್ಷಗಟ್ಟಲೆ ಕೆಲಸ ನಡೆದುಬಂದಿದೆ. ಅದಕ್ಕೂ ಮುಂಚೆ ಮದುರೆಯಲ್ಲಿದ್ದು ಗುಹೆಯ ಬಾವಲಿಗಳ ಹೊತ್ತನ್ನು ಅಭ್ಯಸಿಸಿದ ಎಂ. ಕೆ. ಚಂದ್ರಶೇಖರನ್ ಅವರು ತಮ್ಮ ಕೊನೆಯ ವರ್ಷಗಳಲ್ಲಿ ಬಂದು ಸೇರಿದ್ದೂ ಅಲ್ಲಿಗೇ. ಬೆಳಕು ಕಾಣದ ಗುಹೆಯಲ್ಲಿಯೂ ಸಂಗಡಿಗರು ಹಾರಿಹೋಗಿ ಬರುವುದರಿಂದಲೇ ಸೆರೆಯಲ್ಲಿದ್ದ ಬಾವಲಿ ತನ್ನ ಹೊತ್ತನ್ನು ಸರಿಯಾಗಿ ಇಟ್ಟುಕೊಳ್ಳುತ್ತದೆಂಬುದು ಅವರ ತಂಡ 1981ರಲ್ಲಿ ಪ್ರಕಟಿಸಿದ ಸಂಗತಿ.

ಇಷ್ಟನ್ನು ಓದಿದವರು, ಹಾಗಾದರೆ ಮೆಲಟೋನಿನ್ನಿನ ಗುಳಿಗೆಯನ್ನು ನುಂಗಿ ಹಗಲು ಮಲಗಬಾರದೇಕೆ ಎಂದು ಕೇಳಬಹುದು. ಅಂಗಡಿಗಳಲ್ಲಿ ಅದು ಸಿಕ್ಕುತ್ತದೆ. ಆದರೆ ನಿದ್ರೆ ಬರಿಸುವ ಶಕ್ತಿ ಅದಕ್ಕೆ ಅಲ್ಪ. ಹೊತ್ತನ್ನು ತಿದ್ದುವ ಶಕ್ತಿ ಉಂಟು, ಅದೂ ಯಾವಾಗ ತೆಗೆದುಕೊಂಡೆವೆಂಬುದರ ಮೇಲೆ. ಸಂಜೆಗೆ ಕೊಟ್ಟರೆ ಗಡಿಯಾರ ಮುಂದಕ್ಕೆ ಜರುಗುತ್ತದೆ, ಬೆಳಿಗ್ಗೆ ಕೊಟ್ಟರೆ ಹಿಂದಕ್ಕೆ. ಹೊತ್ತು ತಪ್ಪಿ ನುಂಗಿದ ಗುಳಿಗೆ ಸ್ಥೈರ್ಯವನ್ನು ಕೆಡಿಸಲೂ ಸಾಕು. ಕೆಲವೇ ತಿಂಗಳುಗಳ ಕಾವಲಿಗಾಗಿ ಇಡೀ ಗಡಿಯಾರವನ್ನು ಬುಡಮೇಲು ಮಾಡುವುದಕ್ಕಿಂತ, ಇಬ್ಬರು ಸರದಿಯಲ್ಲಿ ಅರ್ಧರ್ಧ ರಾತ್ರಿ ಕಾದು, ಇಬ್ಬರಿಗೂ ಇರುಳಿನಲ್ಲಿಯೇ ನಾಲ್ಕು ಗಂಟೆ ನಿದ್ರೆ ಸಿಕ್ಕುವಂತೆ ಮಾಡಿಕೊಳ್ಳುವುದು ಮೇಲೆಂದು ನನಗೆ ತೋರುತ್ತದೆ. ಹಾಗೆ ಉಳಿದ ತುಣುಕು ನಿದ್ರೆಯೂ ಗಡಿಯಾರವನ್ನು ಹಿಡಿದು ನಿಲ್ಲಿಸಲು ನೆರವಾಗುತ್ತದೆ.

ಆದರೆ ಗುಳಿಗೆಯ ವಿಷಯದಲ್ಲಿ ವೈದ್ಯರಿಗೂ ಹೇಳಬೇಕಾದ ಒಂದು ಮಾತಿದೆ. ದಮ್ಮಿಗೋ ಕೀಲುಬೇನೆಗೋ ಪ್ರೆಡ್ನಿಸೊಲೋನ್ ಬರೆದುಕೊಡುವಾಗ ಅದನ್ನು ಬೆಳಿಗ್ಗೆ ತಿಂಡಿಯ ನಂತರ ತೆಗೆದುಕೊಳ್ಳಬೇಕೆಂದು ಚೀಟಿಯಲ್ಲಿ ಸೂಚಿಸುವುದು ವಾಡಿಕೆ. ಆ ಔಷಧ ಕಾರ್ಟಿಸಾಲಿನ ವಂಶದ್ದು. ದೇಹದ ಕಾರ್ಟಿಸಾಲ್ ಏರಿರುವ ಹೊತ್ತಿನಲ್ಲಿಯೇ ಅದೂ ಒಳಹೊಕ್ಕರೆ ಅಡ್ರಿನಲ್ ಗ್ರಂಥಿಯ ಸಹಜ ಲಯಕ್ಕೆ ಆಗುವ ಕುಂದು ಕಡಮೆ, ರಾತ್ರಿ ನಿದ್ರೆಯೂ ಕೆಡುವುದಿಲ್ಲ ಎಂಬುದು ಅದರ ಹಿಂದಿನ ತರ್ಕ. ಹಗಲು ದುಡಿದು ಇರುಳು ಮಲಗುವವನಿಗೆ ಅದು ಯುಕ್ತವಾದ ಸೂಚನೆ. ಮೂರು ತಿಂಗಳಿನಿಂದ ಮರದ ಮೇಲೆ ರಾತ್ರಿ ಕಳೆದವನು ಅದೇ ಚೀಟಿಯನ್ನು ಹಿಡಿದು, ಎಂಟು ಗಂಟೆಗೆ ಗುಳಿಗೆ ನುಂಗಿ ಎಂಟೂವರೆಗೆ ಮಲಗಲು ಹೋದರೆ, ಮೊದಲೇ ಚೂರಾಗಿದ್ದ ಅವನ ನಿದ್ರೆಯನ್ನು ಔಷಧವೇ ಇನ್ನಷ್ಟು ಒಡೆಯುತ್ತದೆ. ಜ್ವರ ಎಷ್ಟು ದಿನದಿಂದ, ಕೆಮ್ಮು ಒಣಗಿದ್ದೋ ಕಫದ್ದೋ ಎಂದು ಕೇಳುವ ವೈದ್ಯರು, ನೀವು ಮಲಗುವುದು ಎಷ್ಟು ಹೊತ್ತಿಗೆ ಎಂದೂ ಕೇಳಿ ಬರೆದುಕೊಳ್ಳಲು ಅರ್ಧ ನಿಮಿಷ ಸಾಕು. ಮಾನಂದವಾಡಿಯ ಕಡೆಯ ಹೊರರೋಗಿಗಳ ಸಾಲಿನಲ್ಲಿ, ಸುಗ್ಗಿಯ ತಿಂಗಳುಗಳಲ್ಲಂತೂ, ಆ ಪ್ರಶ್ನೆಗೆ ಬಗೆಬಗೆಯ ಉತ್ತರಗಳು ಬಂದಾವು.